ಜರಡಿಯ ಪಕ್ಕದ ಬಾಗಿಲು

ಎಂಜಿನ್ ಬಿಚ್ಚಿ ಕಟ್ಟಲು ಬಾರದವರು ಎಂಜಿನ್ನಿನ ಕತೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಆ ಕೆಲಸ ಬಲ್ಲವರು ಮೊದಲೇ ಕ್ಷಮಿಸಿಬಿಡಬೇಕು. ಇದರಲ್ಲಿ ಎಲ್ಲಾದರೂ ಒಂದು ಬೋಲ್ಟು ತಪ್ಪು ತೂತಿನಲ್ಲಿ ಕೂತಿದ್ದರೆ ಅದು ಹೇಳಿದವರ ತಪ್ಪು, ಕೆಲಸ ಮಾಡಿದವರದಲ್ಲ. ಹೇಳದೆ ಬಿಡೋಣವೆಂದು ನೋಡಿದ್ದೂ ಆಯಿತು, ಬಿಡಲಾಗಲಿಲ್ಲ.

“ತಡೀರಿ ಮೇಸ್ತ್ರಿ, ಅದನ್ನ ಈಗಲೇ ಕಟ್ಟಬೇಡಿ!”

ತಗಡಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದಾಗ ಮೇಸ್ತ್ರಿಯ ಕೈಯಲ್ಲಿ ಮೊದಲನೆಯ ಬೋಲ್ಟು ಇತ್ತು. ಎಂಜಿನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. ಅದರ ಹೊಟ್ಟೆಗೆ ಮುಚ್ಚಬೇಕಾದ, ಆಯಿಲ್ ನಿಲ್ಲುವ ತಗಡಿನ ಚೇಂಬರನ್ನು ಮೇಸ್ತ್ರಿ ಒರೆಸಿ, ಮುತ್ತಿನಂತೆ ಮಾಡಿ, ಪಕ್ಕದ ಮೇಜಿನ ಮೇಲೆ ಇಟ್ಟಿದ್ದ. ಇನ್ನು ಇಪ್ಪತ್ತು ಬೋಲ್ಟು ಬಿಗಿದರೆ ಎಂಜಿನ್ನಿನ ಕೆಲಸ ಮುಗಿದಂತೆ.

ತಗಡಮ್ಮ ಆಚೆ ಬೀದಿಯ ತಗಡಿನ ಕೆಲಸದವಳು. ಲಾಳಿಕೆ, ಡಬ್ಬ, ಹೊಗೆಕೊಳವೆ, ಏನು ಬೇಕಾದರೂ ಮಾಡಿಕೊಡುತ್ತಿದ್ದಳು. ಅವಳ ನಿಜವಾದ ಹೆಸರು ಅವಳಿಗೇ ನೆನಪಿದೆಯೋ ಇಲ್ಲವೋ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಚೇಂಬರಿನೊಳಗಿನ ಅಡ್ಡಗೋಡೆಯೂ ಅದರ ಪುಟ್ಟ ಬಾಗಿಲೂ ಅವಳ ಕೈಯವೇ.

“ಏನಾಯ್ತು? ಮನೆಗೇನಾದ್ರೂ ಬೆಂಕಿ ಬಿತ್ತಾ?” ಎಂದ ಮೇಸ್ತ್ರಿ.

“ಹೊಟ್ಟೆಗೆ ಬಿದ್ದಿದೆ. ಒಂದೂವರೆ ವರ್ಷದಿಂದ. ನಿಮ್ಮಕ್ಕನ ಎಂಜಿನ್ ಹೋದಾಗಿಂದ ನನ್ನ ಬೆಸುಗೆ ಮೇಲೆ ನನಗೇ ಅನುಮಾನ. ಆ ಬಾಗಿಲು ಅಂಟಿಕೊಂಡಿತ್ತೋ, ಕೀಲು ಬಿಟ್ಟಿತ್ತೋ.”

“ಬೆಸುಗೆ ಚೆನ್ನಾಗೇ ಇದೆ. ನಾನು ನೋಡಿದೀನಲ್ಲ.”

“ಒಣಗಿದ್ದಾಗ ನೋಡಿದ್ರೆ ಏನು ಬಂತು? ಆಯಿಲ್ ಹಾಕಿ ನೋಡಬೇಕು. ತಿರುಗಿಸಿ ನೋಡಬೇಕು.”

“ತಿರುಗಿಸೋದಾ? ಇದನ್ನ ತಲೆ ಮೇಲೆ ಇಟ್ಕೊಂಡು ನಾನು ಬುಗುರಿ ಥರ ಸುತ್ತಲಾ?”

“ನೀವು ಸುತ್ತಿದ್ರೆ ನಿಮ್ಮನ್ನ ಎತ್ತೋಕೆ ನಾಲ್ಕು ಜನ ಬೇಕು. ಪಾರ್ಕಿನಲ್ಲಿ ಮಕ್ಕಳ ಚಕ್ರ ಇದೆಯಲ್ಲ, ಅದರ ಮೇಲೆ ಇಡೋಣ.”

ಮೇಸ್ತ್ರಿ ನಕ್ಕ. ಆಮೇಲೆ ನಗು ನಿಲ್ಲಿಸಿ ಎಂಜಿನ್ನಿನ ಕಡೆ ನೋಡಿದ. ಅದರೊಳಗೆ ಕೂತಿದ್ದ ಕ್ರ್ಯಾಂಕು, ಎಂಜಿನ್ನಿನ ನಡುವೆ ತಿರುಗುವ ಆ ಉಕ್ಕಿನ ದಂಡ, ಕೊನೆಯದು. ಆ ಕಾರನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹದಿನಾಲ್ಕು ತಿಂಗಳು ಪತ್ರ ಬರೆದು, ಫೋನು ಮಾಡಿ, ಕಂಡವರ ಕೈಕಾಲು ಹಿಡಿದು ತರಿಸಿದ್ದ. ಕಳಿಸಿದವನು ಪೆಟ್ಟಿಗೆಯೊಳಗೆ ಒಂದು ಚೀಟಿ ಇಟ್ಟಿದ್ದ: ಇದಾದ ಮೇಲೆ ನನ್ನಲ್ಲಿ ಇಲ್ಲ, ನನಗೆ ಗೊತ್ತಿರುವ ಯಾರಲ್ಲೂ ಇಲ್ಲ. ಇದೂ ಸುಟ್ಟರೆ ಆ ಕಾರು ಬಟ್ಟೆ ಹೊದ್ದು ನಿಲ್ಲುವ ಗೊಂಬೆ, ಅಷ್ಟೆ.

ಅದು ಅವನ ಅಕ್ಕನ ಕಾರು. ಇಬ್ಬರೇ ಕೂರಬಹುದಾದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ, ಅವಳಷ್ಟೇ ವಯಸ್ಸಾದ ಓಟದ ಕಾರು. ಅಕ್ಕ ಮೂವತ್ತೊಂದು ವರ್ಷ ಆಂಬುಲೆನ್ಸ್ ಓಡಿಸಿದವಳು. ಹಿಂದೆ ಮಲಗಿದವರ ತಲೆಯ ಪಕ್ಕದ ನೀರಿನ ಲೋಟ ತುಳುಕದಂತೆ ಓಡಿಸುತ್ತಾಳೆ ಎಂದು ಹೆಸರು ಮಾಡಿದ್ದಳು. ನಿವೃತ್ತಿಯಾದ ವಾರವೇ ಯಾರದೋ ಗೋದಾಮಿನಲ್ಲಿ ಕೋಳಿಗಳ ಗೂಡಾಗಿದ್ದ ಆ ಕಾರನ್ನು ಕೊಂಡು, ತಮ್ಮನ ಶೆಡ್ಡಿಗೆ ಎಳೆಸಿಕೊಂಡು ಬಂದು, “ಇದನ್ನ ಎಬ್ಬಿಸೋ” ಎಂದಿದ್ದಳು. ಅವನು ಎಬ್ಬಿಸಿದ್ದ.

ಆ ಜಾತಿಯ ಕಾರಿಗೆ ಹುಟ್ಟಿನಿಂದಲೇ ಒಂದು ರೋಗವಿದೆ. ಎಂಜಿನ್ನಿನ ಆಯಿಲ್ಲೆಲ್ಲ ಕೊನೆಗೆ ಬಂದು ನಿಲ್ಲುವುದು ತಳದ ಚೇಂಬರಿನಲ್ಲಿ. ಅದರೊಳಗೆ ಒಂದು ಕೊಳವೆ ಇಳಿದಿರುತ್ತದೆ, ಕೊಳವೆಯ ತುದಿಗೆ ಒಂದು ಜರಡಿ. ಪಂಪು ಆ ಜರಡಿಯಿಂದ ಆಯಿಲ್ ಹೀರಿ ಮೇಲಕ್ಕೆ ಕಳಿಸುತ್ತದೆ. ಅದು ಕ್ರ್ಯಾಂಕಿಗೂ ಅದು ಕೂತು ತಿರುಗುವ ಬೇರಿಂಗಿಗೂ ನಡುವೆ ಕೂದಲೆಳೆಗಿಂತ ತೆಳುವಾದ ಒಂದು ಪದರವಾಗಿ ನಿಲ್ಲುತ್ತದೆ. ಪದರ ಇರುವ ತನಕ ಲೋಹ ಲೋಹವನ್ನು ಮುಟ್ಟುವುದಿಲ್ಲ. ಆದರೆ ಉದ್ದನೆಯ ಎಡ ತಿರುವಿನಲ್ಲಿ ಜೋರಾಗಿ ಹೋದರೆ ಆಯಿಲ್ಲೆಲ್ಲ ಬಲಗಡೆಯ ಗೋಡೆಗೆ ಹತ್ತಿಬಿಡುತ್ತದೆ. ಎಡಗಡೆ ಇರುವ ಜರಡಿಗೆ ಬರೀ ಗಾಳಿ. ಮೂರು ನಾಲ್ಕು ಸೆಕೆಂಡು ಗಾಳಿ ಕುಡಿದರೆ ಸಾಕು, ಬೇರಿಂಗು ಸುಟ್ಟು, ಕ್ರ್ಯಾಂಕೂ ಹಾಳಾಗುತ್ತದೆ.

ಊರಾಚೆಯ ಓಟದ ಹಾದಿಯಲ್ಲಿ ವರ್ಷಕ್ಕೆ ಎರಡು ಭಾನುವಾರ ಹಳೆಯ ಕಾರುಗಳನ್ನು ಬಿಡುತ್ತಾರೆ. ಅಲ್ಲಿ ಒಂಬತ್ತು ಸೆಕೆಂಡಿನ ಒಂದು ಎಡ ತಿರುವಿದೆ. ಅದಕ್ಕೆಂದೇ ಮೇಸ್ತ್ರಿ ಮುಂಜಾಗ್ರತೆ ಮಾಡಿದ್ದ. ಚೇಂಬರಿನ ನಡುವೆ ಉದ್ದಕ್ಕೆ ಒಂದು ಗೋಡೆ, ಗೋಡೆಗೆ ಒಂದೇ ಕಡೆಗೆ ತೆರೆಯುವ ಬಾಗಿಲು. ಜರಡಿಯ ಕಡೆಗೆ ಬರುವ ಆಯಿಲ್ಲಿಗೆ ಬಾಗಿಲು ತೆರೆದುಕೊಳ್ಳಬೇಕು, ಬಿಟ್ಟು ಓಡುವ ಆಯಿಲ್ಲಿಗೆ ಮುಚ್ಚಿಕೊಳ್ಳಬೇಕು. ಕಾರಿನಿಂದ ಎಂಜಿನ್ ಇಳಿಸದೆ, ಕೆಳಗೆ ಅಂಗಾತ ಮಲಗಿ, ಒಂದು ರಟ್ಟನ್ನು ಎಂಜಿನ್ನಿನ ಹೊಟ್ಟೆಗೆ ಒತ್ತಿ ಹಿಡಿದು, ಜರಡಿ ಎಲ್ಲಿ ಬರುತ್ತದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ರಟ್ಟನ್ನು ತಗಡಮ್ಮನಿಗೆ ಕೊಟ್ಟಿದ್ದ. ಅವಳು ಅದನ್ನು ಚೇಂಬರಿನೊಳಗೆ ಹಾಸಿ, ಗುರುತು ನೋಡಿ, ಗೋಡೆಯನ್ನೂ ಬಾಗಿಲನ್ನೂ ಬೆಸೆದುಕೊಟ್ಟಿದ್ದಳು.

ಅಷ್ಟೆಲ್ಲ ಮಾಡಿದರೂ ಎರಡನೆಯ ಸುತ್ತಿನಲ್ಲಿ ಎಂಜಿನ್ ಸುಟ್ಟುಹೋಯಿತು. ಅಕ್ಕ ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸಿ ಇಳಿದು ಬಂದಳು. “ಆಯಿಲ್ ಪ್ರೆಶರ್ ಮುಳ್ಳು ಒಂದೇ ಏಟಿಗೆ ಬಿದ್ದುಹೋಯ್ತು ಕಣೋ. ಕಾಲು ತೆಗೆಯೋದ್ರೊಳಗೆ ಮುಗಿದೇ ಹೋಗಿತ್ತು,” ಎಂದಳು.

“ಒಂದೇ ಏಟಿಗೆ ಬೀಳಲ್ಲಕ್ಕ. ಬಾಗಿಲು ಹಾಕಿಸಿದೀನಿ ನಾನು. ಮುಳ್ಳು ಇಳೀತಾ ಇದ್ರೂ ನೀನು ಒತ್ತಿಕೊಂಡೇ ಹೋಗಿದೀಯ.”

“ಇಲ್ಲವೋ.”

“ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ,” ಎಂದಿದ್ದ ಮೇಸ್ತ್ರಿ, ಅಲ್ಲಿದ್ದ ನಾಲ್ಕೈದು ಜನರ ಮುಂದೆ. ಅವರು ನಕ್ಕಿದ್ದರು. ಅಕ್ಕನೂ ನಕ್ಕಿದ್ದಳು.

ಮರುದಿನ ಕೀಲಿಕೈಯನ್ನು ತಂದು ಅವನ ಮೇಜಿನ ಮೇಲೆ ಇಟ್ಟಳು. ಆಮೇಲೆ ಒಂದೊಂದಾಗಿ ಎಲ್ಲ ನಿಂತಿತು. ಮನೆಯ ಸಣ್ಣ ಕಾರನ್ನೂ ಮುಟ್ಟಲಿಲ್ಲ. ತರಕಾರಿಗೂ ಬಸ್ಸು, ಆಸ್ಪತ್ರೆಗೂ ಬಸ್ಸು. ಹೊಸ ಆಂಬುಲೆನ್ಸ್ ಚಾಲಕರಿಗೆ ಕಲಿಸಲು ವಾರಕ್ಕೆರಡು ದಿನ ಬನ್ನಿ ಎಂದು ಹಳೆಯ ಕಚೇರಿಯವರು ಮನೆಗೆ ಬಂದು ಕೇಳಿದರೆ, “ಮುಳ್ಳು ಬೀಳೋದು ಕಾಣದವಳು ಇನ್ನೊಬ್ಬರಿಗೆ ಏನು ಕಲಿಸ್ತಾಳೆ” ಎಂದು ಕಳಿಸಿಬಿಟ್ಟಳು. ಇದನ್ನು ಮೇಸ್ತ್ರಿ ಬೇರೆಯವರ ಬಾಯಿಂದ ಕೇಳಿದ. ಕೇಳಿದ ದಿನವೇ ಕ್ರ್ಯಾಂಕಿಗಾಗಿ ಮೊದಲ ಪತ್ರ ಬರೆದ. ಹೊಸ ಎಂಜಿನ್ ಕಟ್ಟಿಕೊಟ್ಟರೆ ಅಕ್ಕ ಮತ್ತೆ ಓಡಿಸುತ್ತಾಳೆಂದು ಅವನ ಲೆಕ್ಕ.

“ಸರಿ, ತಿರುಗಿಸೋಣ,” ಎಂದ ಅವನು ಈಗ, ಬೋಲ್ಟನ್ನು ಮೇಜಿನ ಮೇಲಿಟ್ಟು. “ನಿಮ್ಮ ನಿದ್ದೆಗೋಸ್ಕರ.”

ತಗಡಮ್ಮ ಕಾಗದ, ರಟ್ಟು ಇವನ್ನೆಲ್ಲ ನಂಬುವವಳಲ್ಲ. ವಸ್ತುವಿನ ಮೇಲೆ ವಸ್ತು ಇಟ್ಟು ನೋಡುವವಳು. ಹಳೆಯ ಅಂಗಡಿ ಬೋರ್ಡಿನ ಪಾರದರ್ಶಕ ಪ್ಲಾಸ್ಟಿಕ್ ಹಲಗೆಯೊಂದನ್ನು ತಂದು ಎಂಜಿನ್ನಿನ ಹೊಟ್ಟೆಯ ಮೇಲೆ ಹಾಸಿದಳು. ಜರಡಿ ಬಂದಲ್ಲಿ ತೂತು ಕೊರೆದಳು. ಅದರ ಮೇಲೆ ಚೇಂಬರನ್ನು ಕವುಚಿ, ಎರಡನ್ನೂ ಸೇರಿಸಿ ಬಿಗಿದು, ಒಟ್ಟಿಗೆ ಎತ್ತಿ ಮಗುಚಿದಳು. ಸುಟ್ಟ ಎಂಜಿನ್ನಿನ ಹಳೆಯ ಜರಡಿಯನ್ನು ಆ ತೂತಿಗೇ ಸಿಕ್ಕಿಸಿದಳು. ಈಗ ಚೇಂಬರಿಗೆ ಗಾಜಿನಂಥ ಮುಚ್ಚಳ ಬಂದಿತ್ತು, ಒಳಗಿನದೆಲ್ಲ ಕಾಣುತ್ತಿತ್ತು. ಆಗಲೇ ಯಾರಾದರೂ ಸರಿಯಾಗಿ ಬಗ್ಗಿ ನೋಡಿದ್ದರೆ ಗೊತ್ತಾಗುತ್ತಿತ್ತೋ ಏನೋ. ಯಾರೂ ನೋಡಲಿಲ್ಲ.

“ಚಕ್ರದ ಮೇಲೆ ಕೂತು ನೋಡೋರು ಒಬ್ಬರು ಬೇಕು. ನನಗೆ ಉಯ್ಯಾಲೆ ಕಂಡ್ರೂ ವಾಂತಿ,” ಎಂದಳು ತಗಡಮ್ಮ. “ನಿಮ್ಮಕ್ಕನ್ನ ಕರೀರಿ.”

“ಅವಳು ಬರಲ್ಲ.”

“ನೀವು ಕರೆದ್ರೆ ಬರಲ್ಲ. ನಾನು ಕರೀತೀನಿ.”

ಅಕ್ಕ ಬಂದಳು. “ಕೂರೋದಷ್ಟೇ ತಾನೆ? ಕೂರೋಕೆ ಬುದ್ಧಿ ಬೇಡ,” ಎಂದಳು.

ಬೆಳಗಿನ ಆರೂವರೆಗೆ ಪಾರ್ಕಿನಲ್ಲಿ ಒಬ್ಬ ಕಾವಲುಗಾರ ಬಿಟ್ಟರೆ ಯಾರೂ ಇರಲಿಲ್ಲ. ತಿರುಗುವ ಚಕ್ರ ಒಂದು ದೊಡ್ಡ ಕಬ್ಬಿಣದ ತಟ್ಟೆ. ನಡುವೆ ಕಂಬ, ಸುತ್ತ ಹಿಡಿಕೆಗಳು. ಚೇಂಬರನ್ನು ಅಂಚಿಗೆ ಹಗ್ಗದಿಂದ ಕಟ್ಟಿದರು. ಅದರ ಮೂತಿ ಮುಂದಕ್ಕೆ, ಬಲಗಡೆ ಹೊರಕ್ಕೆ: ಎಡಕ್ಕೆ ತಿರುಗುತ್ತಿರುವ ಕಾರಿನಲ್ಲಿ ಹೇಗಿರುತ್ತದೋ ಹಾಗೆ. ಮೇಸ್ತ್ರಿ ಎರಡು ಫ್ಲಾಸ್ಕು ತಂದಿದ್ದ. ಎಂಜಿನ್ನಿನಲ್ಲಿ ಆಯಿಲ್ ಕುದಿಯುವಷ್ಟು ಕಾದು ನೀರಿನಂತೆ ತೆಳುವಾಗಿರುತ್ತದೆ, ತಣ್ಣನೆಯದರಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ ಎಂದು ಕಾಯಿಸಿ ತುಂಬಿಕೊಂಡಿದ್ದ.

“ಕಾಫಿನಾ?” ಎಂದ ಕಾವಲುಗಾರ ಹತ್ತಿರ ಬಂದು.

“ಒಂದು ಲೋಟ ಕುಡಿ. ಆಮೇಲೆ ನಿನ್ನ ಮೊಣಕಾಲು ಕಟಕಟ ಅನ್ನಲ್ಲ,” ಎಂದಳು ತಗಡಮ್ಮ.

“ಇದು ಹನ್ನೆರಡು ವರ್ಷದೊಳಗಿನವರಿಗೆ. ಬೋರ್ಡ್ ಹಾಕಿದೆ.”

“ಕನ್ನಡಕ ಮನೇಲಿ ಬಿಟ್ಟು ಬಂದೆ ಕಣಪ್ಪ. ನೀನೂ ಒಂದು ಕೈ ಹಾಕು, ತಳ್ಳು.”

ಅವನು ಹಾಗಲ್ಲ ಹೀಗಲ್ಲ ಎನ್ನುತ್ತಲೇ ಕೈ ಹಾಕಿದ. ಅಕ್ಕ ಚೇಂಬರಿನ ಪಕ್ಕ ಮಂಡಿಯೂರಿ ಕುಳಿತು, ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಮುಚ್ಚಳದ ಮೇಲೆ ಬಾಗಿದಳು. ಒಳಗೆ ಜೇನಿನ ಬಣ್ಣದ ಆಯಿಲ್ ಗೋಡೆಯ ಎರಡೂ ಕಡೆ ಸಮನಾಗಿ ನಿಂತಿತ್ತು.

“ಎಷ್ಟು ಜೋರು ಬೇಕು?” ಎಂದಳು.

“ಎರಡು ಸೆಕೆಂಡಿಗೆ ಒಂದು ಸುತ್ತು. ಆ ತಿರುವಿನಲ್ಲಿ ನೀನು ಹೋಗ್ತಿದ್ದ ಜೋರಿಗೆ ಹೆಚ್ಚುಕಮ್ಮಿ ಅಷ್ಟು ಬರುತ್ತೆ.”

ತಳ್ಳಿದರು. ಚಕ್ರ ಕಿರುಗುಟ್ಟಿತು, ಆಮೇಲೆ ಕಿರುಗುಟ್ಟುವುದನ್ನು ಬಿಟ್ಟು ಗುಂಯ್ ಎನ್ನತೊಡಗಿತು. ಮೇಸ್ತ್ರಿಯೂ ಕಾವಲುಗಾರನೂ ಸುತ್ತ ಓಡುತ್ತಿದ್ದರು. ತಗಡಮ್ಮ ದೂರ ನಿಂತು ಎಣಿಸುತ್ತಿದ್ದಳು.

ಅಕ್ಕನಿಗೆ ಮೊದಲು ಕಂಡದ್ದು ಆಯಿಲ್ ಅಲುಗಿದ್ದು. ಆಮೇಲೆ ಅದು ಹತ್ತತೊಡಗಿತು. ಯಾರೋ ಹಾಸಿಗೆಯ ಒಂದು ಅಂಚು ಹಿಡಿದು ಮೆಲ್ಲಗೆ ಎತ್ತಿದ ಹಾಗೆ ಅದರ ಮೈಯೆಲ್ಲ ಓರೆಯಾಗಿ, ಹೊರಗಿನ ಗೋಡೆಗೆ ಏರಿ, ಅಲ್ಲೇ ನಿಂತುಬಿಟ್ಟಿತು. ಹರಿಯಲಿಲ್ಲ, ತುಳುಕಲಿಲ್ಲ. ಸುತ್ತ ಮರ, ಬೆಂಚು, ಗೇಟು, ತಗಡಮ್ಮ ಎಲ್ಲ ಒಂದೇ ಗೆರೆಯಾಗಿ ಓಡುತ್ತಿದ್ದವು. ಅವಳ ಕಣ್ಣೆದುರು ಆಯಿಲ್ ಮಾತ್ರ ಗುಡ್ಡದ ಇಳಿಜಾರಿನ ಹಾಗೆ ಓರೆಯಾಗಿ, ಒಂದಿಷ್ಟೂ ಮಿಸುಕದೆ ನಿಂತಿತ್ತು. ಅದರ ಮೈಮೇಲೆ ಬೆಳಗಿನ ಆಕಾಶವೂ ಓರೆಯಾಗಿ ಬಿದ್ದಿತ್ತು. ಎಷ್ಟೋ ಜನ ಅವಳ ಹಿಂದೆ ಮಲಗಿ ತಿರುವುಗಳನ್ನು ದಾಟಿದ್ದರು. ಅವರ ಮೈಯೊಳಗಿನ ನೆತ್ತರೂ ಹೀಗೇ ಒಂದು ಕಡೆಗೆ ಏರಿ ನಿಲ್ಲುತ್ತಿತ್ತೇ ಎಂದು ಅವಳಿಗೆ ಆ ಗಳಿಗೆಯಲ್ಲಿ ಅನ್ನಿಸಿತಂತೆ.

ಹಾಗೆ ನೋಡುತ್ತಿರುವಾಗಲೇ ನಡುಗೋಡೆಯ ಬಾಗಿಲು ತೆರೆಯಿತು. ಜರಡಿಯ ಕಡೆಗಿದ್ದ ಆಯಿಲ್ ಅದರಲ್ಲಿ ತೂರಿ ಆಚೆಗೆ ಹೋಯಿತು, ಗಂಟೆ ಹೊಡೆದಾಗ ಶಾಲೆಯಿಂದ ಮಕ್ಕಳು ಹೋದ ಹಾಗೆ. ಜರಡಿ ಬಾಯಿ ಬಿಟ್ಟುಕೊಂಡು ಒಣ ತಗಡಿನ ಮೇಲೆ ನಿಂತಿತು.

“ನಿಲ್ಸಿ!” ಎಂದಳು ಅಕ್ಕ.

ಚಕ್ರ ನಿಧಾನವಾಗಿ ನಿಂತಿತು. ಆಯಿಲ್ ಮತ್ತೆ ಮಟ್ಟಸವಾಗಲು ಇಳಿಯಿತು. ಆದರೆ ಆಗ ಬಾಗಿಲು ಟಕ್ ಎಂದು ಮುಚ್ಚಿಕೊಂಡಿತು. ಆಚೆ ಹೋದದ್ದು ಆಚೆಯೇ ಉಳಿಯಿತು. ಗೋಡೆಯ ಒಂದು ಕಡೆ ಮುಕ್ಕಾಲು ಆಯಿಲ್, ಜರಡಿ ಇರುವ ಕಡೆ ತಳ ಕಾಣುವಷ್ಟು. ನಾಲ್ವರೂ ಮುಚ್ಚಳದ ಮೇಲೆ ತಲೆ ಸೇರಿಸಿದರು. ಕಾವಲುಗಾರನಿಗೆ ಏನೂ ಅರ್ಥವಾಗಿರಲಿಲ್ಲ, ಆದರೂ ಅವನ ಬಾಯಿ ತೆರೆದೇ ಇತ್ತು.

“ಉಲ್ಟಾ ಕೂತಿದೆ,” ಎಂದಳು ತಗಡಮ್ಮ ಬಹಳ ಮೆಲ್ಲಗೆ. “ಬಾಗಿಲು ಉಲ್ಟಾ ಕೂತಿದೆ. ಒಂದು ತಿರುವು ಬಂದಾಗಲೆಲ್ಲ ಆಯಿಲನ್ನ ಆಚೆಗೆ ದಬ್ಬಿ ಚಿಲಕ ಹಾಕಿದೆ. ಗೋಡೆ ಇಲ್ಲದಿದ್ರೇ ಚೆನ್ನಾಗಿತ್ತು.” ಅವಳ ಕಣ್ಣಲ್ಲಿ ನೀರು ಬಂದಿತ್ತು. “ನನ್ನ ಕೈಯೇ ಮಾಡಿದ್ದು ಇದು. ನಾನೇ ಆಚೀಚೆ ಮಾಡಿಬಿಟ್ಟೆ. ನನಗೆ ಮೊದಲೇ ಅನ್ನಿಸ್ತಿತ್ತು.”

ಮೇಸ್ತ್ರಿಯ ಅಂಗಿಯ ಜೇಬಿನಲ್ಲಿ ಆ ಹಳೆಯ ರಟ್ಟು ಮಡಿಸಿ ಇಟ್ಟಿತ್ತು. ಅಳತೆಗೆ ಬೇಕಾದೀತೆಂದು ತಂದಿದ್ದ. ಅವನು ಅದನ್ನು ತೆಗೆಯದೆ ಇರಬಹುದಾಗಿತ್ತು. ತಗಡಮ್ಮನ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಅತ್ತು, ಇನ್ನೊಂದು ಮಾಡಿಕೊಡುತ್ತಿದ್ದಳು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವನ ಕೈ ಜೇಬಿನ ಮೇಲೆ ಒಂದಷ್ಟು ಹೊತ್ತು ಹಾಗೇ ಇತ್ತು.

ಆಮೇಲೆ ತೆಗೆದ. ಬಿಡಿಸಿ ಬಿಸಿಲಿಗೆ ಹಿಡಿದ. ಒಂದು ಮುಖದಲ್ಲಿ ಪೆನ್ಸಿಲಿನ ಗೆರೆ, ಅವನ ಕೈಬರಹದಲ್ಲಿ “ಜರಡಿ ಇಲ್ಲಿ”. ತಿರುಗಿಸಿದ. ಇನ್ನೊಂದು ಮುಖದಲ್ಲಿ ಜರಡಿ ಒತ್ತಿದ್ದ ದುಂಡನೆಯ ಆಯಿಲ್ ಕಲೆ.

“ನೀವಲ್ಲ,” ಎಂದ. “ಎಂಜಿನ್ನಿಗೆ ತಾಗಿದ್ದು ಈ ಕಲೆ ಇರೋ ಮುಖ. ಚೇಂಬರಿನಲ್ಲಿ ಹಾಸುವಾಗ ಇದು ಮೇಲೆ ಬರಬೇಕಿತ್ತು. ನಾನು ಕೆಳಗೆ ಮಲಗಿದ್ದೆ, ನನಗೆ ಕಾಣ್ತಿದ್ದ ಮುಖದ ಮೇಲೆ ಬರೆದೆ. ಬರೆದಿದ್ದನ್ನ ಯಾರಾದ್ರೂ ಮೇಲೆ ಮಾಡಿಯೇ ಹಾಸ್ತಾರೆ. ನೀವು ನಾನು ಬರೆದ ಹಾಗೇ ಮಾಡಿದೀರಿ. ಬರೆದವನು ನಾನು.”

ಅವನು ಅಕ್ಕನ ಕಡೆ ತಿರುಗಿದ. “ಮುಳ್ಳು ಒಂದೇ ಏಟಿಗೆ ಬಿದ್ದಿರುತ್ತೆ ಅಕ್ಕ. ನೀನು ಹೇಳಿದ ಹಾಗೇ. ನಿನ್ನ ಕಾಲಲ್ಲ. ನೆಲವೇ ಡೊಂಕಿತ್ತು.”

ಅಕ್ಕ ಇನ್ನೂ ಚಕ್ರದ ಮೇಲೆ ಮಂಡಿಯೂರಿಯೇ ಇದ್ದಳು. ಬೈಯುತ್ತಾಳೆಂದು ಅವನು ತಲೆ ಬಗ್ಗಿಸಿ ನಿಂತ. ತಗಡಮ್ಮನೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಕಾದಳು. ಅಕ್ಕ ಮುಚ್ಚಳದ ಮೇಲೆ ಬೆರಳಿಟ್ಟು, ಗೋಡೆಯ ಆಚೆ ಸಿಕ್ಕಿಬಿದ್ದಿದ್ದ ಆಯಿಲನ್ನೇ ನೋಡುತ್ತಿದ್ದಳು.

“ಇನ್ನೊಂದ್ಸಲ ತಿರುಗಿಸೋ,” ಎಂದಳು.

ಮುಚ್ಚಳ ಬಿಚ್ಚಿ, ಬಾಗಿಲು ತೆರೆದು, ಆಯಿಲನ್ನು ಸಮ ಮಾಡಿ ತಿರುಗಿಸಿದರು. ಮತ್ತೆ ಅದೇ. ಆಯಿಲ್ ಎದ್ದು ನಿಂತಿತು, ಬಾಗಿಲು ತೆರೆಯಿತು, ಜರಡಿ ಒಣಗಿತು. ಇನ್ನೊಂದ್ಸಲ ಎಂದಳು. ಒಟ್ಟು ನಾಲ್ಕು ಸಲ. ಕೊನೆಯ ಸಲ ಕಾವಲುಗಾರನೊಬ್ಬನೇ ತಳ್ಳಿದ. ಮೇಸ್ತ್ರಿಗೆ ಏದುಸಿರು ಬಂದು ಬೆಂಚಿನ ಮೇಲೆ ಕುಳಿತಿದ್ದ. ಅವಳು ಇಳಿದು ಬಂದು ಅವನ ಪಕ್ಕ ಕುಳಿತಳು.

“ಎಷ್ಟು ಚೆನ್ನಾಗಿ ನಿಂತ್ಕೊಳ್ಳುತ್ತೋ ಅದು,” ಎಂದಳು. “ನಾನು ಹಾಳಾಗೋದು ಅಂದ್ರೆ ಏನೋ ದೊಡ್ಡ ಗಲಾಟೆ ಅಂದ್ಕೊಂಡಿದ್ದೆ. ಒಳಗೆ ಇಷ್ಟು ಸದ್ದಿಲ್ಲದೆ ನಡೆದಿದೆ.”

“ಬೈಯಕ್ಕ ಒಂದೆರಡು ಮಾತು.”

“ಬೈಯೋಕೆ ಮನೇಲಿ ಟೈಮಿದೆ. ಈಗ ಆ ಬಾಗಿಲನ್ನ ಏನು ಮಾಡ್ತೀಯ ಹೇಳು.”

ತಗಡಮ್ಮ ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹಳೆಯ ಗೋಡೆಯನ್ನು ಕಿತ್ತು, ಜರಡಿಯ ಸುತ್ತ ನಾಲ್ಕು ಗೋಡೆಯ ಪುಟ್ಟ ಮನೆ ಕಟ್ಟಿದಳು. ನಾಲ್ಕಕ್ಕೂ ಒಂದೊಂದು ಬಾಗಿಲು, ಎಲ್ಲವೂ ಒಳಕ್ಕೆ ತೆರೆಯುವಂಥವು. ಸ್ಪ್ರಿಂಗಿಲ್ಲ, ಏನಿಲ್ಲ, ಬಾಗಿಲಿನ ಭಾರಕ್ಕೇ ಮುಚ್ಚಿಕೊಳ್ಳಬೇಕು. ಜರಡಿಗೂ ತಳಕ್ಕೂ ಕಿರುಬೆರಳು ಹೋಗುವಷ್ಟು ಸಂದು ಬಿಟ್ಟಳು. ಈ ಸಲ ರಟ್ಟು ಬೇಡ ಎಂದು ಮೇಸ್ತ್ರಿಯೇ ಹೇಳಿದ. ದಿನಕ್ಕೆ ಹತ್ತು ಸಲ ಚೇಂಬರನ್ನು ಎಂಜಿನ್ನಿನ ಮೇಲೆ ಕವುಚಿ ನೋಡುವುದು, ಮತ್ತೆ ತೆಗೆಯುವುದು.

“ನಿಮ್ಮಿಬ್ಬರನ್ನ ನೋಡಿದ್ರೆ ಮದುವೆ ಮನೇಲಿ ಹೆಣ್ಣಿಗೆ ಬಳೆ ಅಳತೆ ನೋಡೋರ ಹಾಗಿದೆ,” ಎಂದಳು ಅಕ್ಕ. ಅವಳು ಈಗ ದಿನವೂ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಬಂದದ್ದು ಬಸ್ಸಿನಲ್ಲೇ.

ನಾಲ್ಕನೆಯ ಬೆಳಗ್ಗೆ ಮತ್ತೆ ಪಾರ್ಕು. ಕಾವಲುಗಾರ ಗೇಟಿನಲ್ಲೇ ಕಾಯುತ್ತಿದ್ದ. ಚಕ್ರದ ಕೀಲಿಗೆ ಗ್ರೀಸು ಹಚ್ಚಿಟ್ಟಿದ್ದ. ಈ ಸಲ ತಗಡಮ್ಮ ವಾಂತಿಯಾದರೂ ಆಗಲಿ ಎಂದು ತಾನೂ ಹತ್ತಿ ಕುಳಿತಳು. ಚಕ್ರ ವೇಗ ಹಿಡಿಯಿತು. ಆಯಿಲ್ ಓರೆಯಾಗಿ ಎದ್ದಿತು, ಹೊರಗೋಡೆಗೆ ಏರಿತು. ಪುಟ್ಟ ಮನೆಯ ಒಂದು ಬಾಗಿಲು ಟಕ್ ಎಂದು ಮುಚ್ಚಿತು, ಅದರ ಎದುರಿನದು ತಾನಾಗಿ ತೆರೆದು ಇನ್ನಷ್ಟು ಆಯಿಲನ್ನು ಒಳಗೆ ಕರೆದುಕೊಂಡಿತು. ಹೊರಗೆ ಬಲಗೋಡೆಯೊಂದನ್ನು ಬಿಟ್ಟು ಉಳಿದೆಡೆ ತಳವೆಲ್ಲ ಬರಿದಾಗಿ ಹೊಳೆಯುತ್ತಿದ್ದರೂ, ಒಳಗೆ, ಬೊಗಸೆಯಲ್ಲಿ ಹಿಡಿದಷ್ಟು, ಜರಡಿ ಮುಳುಗಿಯೇ ಇತ್ತು. ಚಕ್ರ ಎಷ್ಟು ಸುತ್ತಿದರೂ ಮುಳುಗಿಯೇ ಇತ್ತು. ತಾನೇ ಬೆಸೆದ ಆ ಬಾಗಿಲುಗಳು ಯಾರ ಅಪ್ಪಣೆಗೂ ಕಾಯದೆ, ಯಾವುದು ಬರುವುದು ಯಾವುದು ಹೋಗುವುದು ಎಂದು ತಿಳಿದವರ ಹಾಗೆ ನಡೆದುಕೊಳ್ಳುವುದನ್ನು ತಗಡಮ್ಮ ನೋಡಿದಳು. ವಾಂತಿಯ ನೆನಪೇ ಅವಳಿಗೆ ಬರಲಿಲ್ಲ.

“ಇದನ್ನ ನಾನು ಮಾಡಿದ್ದಾ?” ಎಂದು ಅಕ್ಕನನ್ನು ಕೇಳಿದಳು.

“ಇನ್ಯಾರು, ನಾನಾ?” ಎಂದಳು ಅಕ್ಕ.

ಎಂಜಿನ್ನು ಕಾರಿಗೆ ಏರಿತು. ಅರ್ಧ ಲೀಟರ್ ಆಯಿಲ್ ಹೆಚ್ಚಿಗೆ ಹಾಕಿದರು. ಓಟದ ಹಾದಿ ತೆರೆಯುವ ಭಾನುವಾರ ಬಂತು. ಅಕ್ಕ ಕಾರಿನ ಪಕ್ಕ ನಿಂತಿದ್ದಳು, ಹತ್ತಲಿಲ್ಲ. ಕೈಯನ್ನು ಸೀರೆಗೆ ಒರೆಸಿದಳು, ಮತ್ತೆ ಒರೆಸಿದಳು.

“ಇದೇ ಕೊನೆ ಕ್ರ್ಯಾಂಕು ಅಲ್ವೇನೋ?”

“ಹೂಂ.”

“ನೀನೇ ಓಡಿಸು.”

“ನನಗೆ ಕಾರಿನ ಕೆಳಗೆ ಮಲಗೋಕೆ ಬರುತ್ತೆ ಅಷ್ಟೆ.” ಅದು ಸುಳ್ಳಲ್ಲ. ನಲವತ್ತು ವರ್ಷ ಕಾರುಗಳ ಅಡಿಯಲ್ಲಿ ಕಳೆದಿದ್ದರೂ ಜೋರಾಗಿ ಓಡುವ ಕಾರಿನೊಳಗೆ ಅವನು ಒಮ್ಮೆಯೂ ಕುಳಿತಿರಲಿಲ್ಲ.

ಅಕ್ಕ ಅವನನ್ನು ನೋಡಿದಳು. “ಹಾಗಾದ್ರೆ ಪಕ್ಕದಲ್ಲಿ ಕೂತ್ಕೊ. ರಸ್ತೆ ನನ್ನದು, ಮುಳ್ಳು ನಿನ್ನದು. ಕಣ್ಣು ಆಚೀಚೆ ಹೋಯ್ತೋ, ನೋಡು.”

ಮೊದಲ ಸುತ್ತು ಮೆಲ್ಲಗೆ ಹೋದಳು, ಆಯಿಲ್ ಕಾಯಲೆಂದು. ಎರಡನೆಯದರಲ್ಲಿ ನೇರ ಹಾದಿಯ ಕೊನೆಗೆ ಬಂದಾಗ ಕಾರು ಬೇರೆಯೇ ಸ್ವರದಲ್ಲಿ ಮಾತಾಡುತ್ತಿತ್ತು. ಎಡ ತಿರುವು ಬಂತು. ಮೇಸ್ತ್ರಿಯ ಮೈಯನ್ನು ಯಾರೋ ದೊಡ್ಡ ಅಂಗೈಯಿಂದ ಬಲಕ್ಕೆ ತಳ್ಳಿದರು. ಕೈಗೆ ಹಿಡಿಯಲು ಏನೂ ಸಿಗಲಿಲ್ಲ. ಅವನ ಭುಜ ಹೋಗಿ ಅಕ್ಕನ ಭುಜಕ್ಕೆ ಒತ್ತಿಕೊಂಡು ಅಲ್ಲೇ ನಿಂತಿತು. ಎದೆಯೊಳಗಿನದೆಲ್ಲ ಒಂದು ಕಡೆಗೆ ಏರಿದ ಹಾಗಾಯಿತು. ತನ್ನ ಕಾಲ ಕೆಳಗೆಲ್ಲೋ, ಒಂದು ತಗಡಿನಾಚೆ, ಆಯಿಲ್ಲೂ ಈ ಗಳಿಗೆಯಲ್ಲಿ ಹೀಗೇ ಒರಗಿ ನಿಂತಿದೆ ಎಂದು ಅವನಿಗೆ ಮೈಯಿಂದಲೇ ಗೊತ್ತಾಯಿತು. ಎಷ್ಟು ಎಂಜಿನ್ ಕಟ್ಟಿದ್ದ, ಇದು ಗೊತ್ತಿರಲಿಲ್ಲ.

“ಹೇಳೋ!” ಎಂದು ಅಕ್ಕ ಕೂಗಿದಳು.

“ನಲವತ್ತೈದು,” ಎಂದ. “ನಲವತ್ತೈದು. ನಲವತ್ತೈದು. ನಲವತ್ತ... ನಾಲ್ಕು. ನಲವತ್ತೈದು.”

ಒಂಬತ್ತು ಸೆಕೆಂಡು. ಮುಳ್ಳು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು. ತಿರುವು ಮುಗಿದು ಮೈಯೆಲ್ಲ ಮತ್ತೆ ಅದರದರ ಜಾಗಕ್ಕೆ ಬಂದ ಮೇಲೂ ಅವನು “ನಲವತ್ತೈದು” ಎನ್ನುತ್ತಲೇ ಇದ್ದ. ಅಕ್ಕ ಸಾಕು ಎಂದು ಹೇಳಲಿಲ್ಲ.

ಕಾರು ನಿಂತಾಗ ಅವನಿಗೆ ಬಾಗಿಲು ತೆರೆಯುವುದು ತಕ್ಷಣ ಆಗಲಿಲ್ಲ. ತಗಡಮ್ಮ ಓಡಿಬಂದು ಹೊರಗಿನಿಂದ ತೆರೆದಳು. “ಏನಾಯ್ತು? ಯಾಕೆ ಅಳ್ತಿದೀರಿ?”

“ಗಾಳಿಗೆ,” ಎಂದ.

“ಗಾಜು ಮುಚ್ಚಿದೆಯಲ್ಲ ಮೇಸ್ತ್ರಿ.”

ಅವನು ಇಳಿದ. ಅಕ್ಕ ಇಳಿಯಲಿಲ್ಲ. ಎಂಜಿನ್ ಆರಿಸದೆ, ಸ್ಟೀರಿಂಗ್ ಮೇಲೆ ಕೈಯಿಟ್ಟು, ಮುಂದಕ್ಕೆ ನೋಡುತ್ತ ಕುಳಿತಿದ್ದಳು. ಆಮೇಲೆ ಬಾಗಿ ಅವನ ಕಡೆಯ ಬಾಗಿಲನ್ನು ತಾನೇ ಎಳೆದು ಮುಚ್ಚಿಕೊಂಡಳು.

“ಅಕ್ಕ, ಮುಳ್ಳು ನೋಡೋರು?” ಎಂದ ಮೇಸ್ತ್ರಿ.

ಅವಳು ಆಗಲೇ ಹೊರಟಾಗಿತ್ತು.

ಒಬ್ಬಳೇ ಮೂರು ಸುತ್ತು ಹೋದಳು. ಮೇಸ್ತ್ರಿಯೂ ತಗಡಮ್ಮನೂ ತಂತಿಬೇಲಿ ಹಿಡಿದು ನಿಂತಿದ್ದರು. ದೂರದ ಆ ತಿರುವಿನಲ್ಲಿ ಪ್ರತಿ ಸಲವೂ ಪುಟ್ಟ ಕಾರು ಒಂದು ಕಡೆಗೆ ವಾಲಿಕೊಂಡು, ಒಂದೇ ಸ್ವರ ಹಿಡಿದು, ಬಹಳ ಹೊತ್ತು ಹಾಗೇ ಹೋಗುತ್ತಿತ್ತು. ಸ್ವರ ಎಲ್ಲಿಯೂ ಮುರಿಯಲಿಲ್ಲ. ಆಮೇಲೆ ಬಂದು ಇಳಿದಳು. ಮೇಸ್ತ್ರಿ ಮುಳ್ಳಿನ ಮಾತು ಎತ್ತಲಿಲ್ಲ. ಆ ಮೂರು ಸುತ್ತುಗಳಲ್ಲಿ ಮುಳ್ಳು ಎಲ್ಲಿತ್ತು, ಅವಳು ಅದರ ಕಡೆ ಒಮ್ಮೆಯಾದರೂ ನೋಡಿದಳೇ ಇಲ್ಲವೇ ಎಂಬುದು ಗೊತ್ತಿಲ್ಲ.